ಕಿವಿಯ ಕಚ್ಚು

ಕುರಿಗೆ ಬರೆ ಹಾಕುವುದಿಲ್ಲ ಇಲ್ಲಿ.
ಕಿವಿಗೊಂದು ಕಚ್ಚು, ಬೆನ್ನಿಗಿಷ್ಟು ನೀಲಿ ಬಣ್ಣ,
ಇಂಥವರ ಕುರಿಯೆಂದು ಬೇಲಿಯಾಚೆಯಿಂದಲೂ ತಿಳಿಯಲಿ ಅಂತ.
ಉಣ್ಣೆ ತೊಳೆವಾಗ ಆ ಬಣ್ಣ ಹೋಗಲೇಬೇಕು,
ಹೋಗದಿದ್ದರೆ ವ್ಯಾಪಾರಿ ಬೆಲೆ ಮುರಿಯುತ್ತಾನೆ.
ಕಟಾನಿಂಗ್ ಊರಿನ ನೋಲೀನ್ ಟ್ರಗಿಯರ್‌ಗೆ
ಎಪ್ಪತ್ತೊಂದರ ತನಕ ಗೊತ್ತಿದ್ದದ್ದು ಇಷ್ಟೇ:
ಹೆಸರು, ತೊಳೆದರೆ ಹೋಗುವ ಸಂಗತಿ.

ಅವಳಪ್ಪ ಕ್ಲೆಮ್, ತುಪ್ಪಟ ಕತ್ತರಿಸುವ ಆಳು.
ಜುಲೈ ತಿಂಗಳ ಕೊಟ್ಟಿಗೆ, ತಗಡಿನ ಮಾಡು,
ನೆಲವೆಲ್ಲ ಉಣ್ಣೆಯ ಜಿಡ್ಡು.
ಆ ಜಿಡ್ಡು ಕುಡಿದೂ ಕುಡಿದೂ ಅಂಗಡಿಯ ಬೂಟು
ಎರಡೇ ಹಂಗಾಮಿಗೆ ಬಾಯಿ ಬಿಡುತ್ತಿತ್ತು.
ಸತ್ತ ಕುರಿಯ ತೊಗಲಿನ ಚೂರು,
ಮೂಟೆ ಹೊಲಿಯುವ ದಬ್ಬಳ, ಹುಲ್ಲುಕಂತೆ ಕಟ್ಟುವ ಹುರಿ,
ತುಪ್ಪಟ ಒಳಗೆ, ತೊಗಲು ಹೊರಗೆ,
ಕುರಿಯನ್ನೇ ಒಳಮಗ್ಗುಲು ತಿರುವಿ ತೊಟ್ಟ ಹಾಗೆ.
ಅಂದವೇ? ಕೇಳಬೇಡಿ.
ಅವ್ವ ಬಾಗಿಲಾಚೆಯೇ ಬಿಡಿಸುತ್ತಿದ್ದಳು.
ಎರಡು ಮೊಲ ಸತ್ತು ಬಿದ್ದಿವೆಯೆಂದು
ನಾಯಿ ಮೂಸಿ ಮೂಸಿ ಸೀನುತ್ತಿತ್ತು.

ಅದಕ್ಕೆ ಅಗ್ ಬೂಟು ಎಂದವರು ಯಾರು?
ಉತ್ತರ ಬೇಕಿದ್ದರೆ ಒಂದು ಸುತ್ತು ಬಿಯರ್ ಕೊಡಿಸಬೇಕು,
ನಾಲ್ಕು ಬಾಯಿಗೆ ಐದು ಉತ್ತರ.
ಕುರೂಪ ಎಂಬ ಇಂಗ್ಲಿಷ್ ಮಾತನ್ನು ಅರ್ಧಕ್ಕೇ ನುಂಗಿದ್ದು, ಒಬ್ಬ.
ಯುದ್ಧದ ವಿಮಾನದವರು ಕಾಲಲ್ಲಿ ತೊಟ್ಟು ತಂದ ಮಾತು, ಇನ್ನೊಬ್ಬ.
ತಣ್ಣನೆ ಕಡಲಿಂದ ಎದ್ದು ಬಂದ ಸರ್ಫಿಂಗ್ ಹುಡುಗರು
ಹಲ್ಲು ಕಟಕಟಿಸುತ್ತ ಹೊರಡಿಸಿದ ಸದ್ದೇ ಅದು,
ಮೂರನೆಯವನು ಆಣೆ ಇಡುತ್ತಾನೆ.
ಕನ್ನಡದ ಕಿವಿಗೆ ಅಗ್ಗ ಎಂದು ಕೇಳೀತು.
ತಪ್ಪೇನಿಲ್ಲ. ಆಗ ಅದು ಅಗ್ಗವೇ ಇತ್ತು:
ಕ್ಲೆಮ್ ತಿಂಗಳಿಗೊಮ್ಮೆ ವ್ಯಾನು ತುಂಬಿಕೊಂಡು ತೀರಕ್ಕೆ ಹೋಗಿ
ಮೀನಿಗೂ ಕೊಡುತ್ತಿದ್ದ, ಪೆಟ್ರೋಲಿಗೂ ಕೊಡುತ್ತಿದ್ದ.

ಆಮೇಲೆ ಯಾವಾಗಲೋ, ಕಡಲಾಚೆ,
ಆ ಮಾತಿನ ಸುತ್ತ ಬೇಲಿ ಎದ್ದಿತು.

ಕಾಗದ ಬಂದದ್ದು ಮಂಗಳವಾರ. ದಪ್ಪ ಹಾಳೆ, ಉಬ್ಬಿದ ಅಕ್ಷರ.
ಅಯೋವಾದ ಹೆಂಗಸೊಬ್ಬಳಿಗೆ ಒಂದು ಜೊತೆ,
ಏಳನೇ ಅಳತೆ, ಕಂದು, ಕಳಿಸಿದ್ದಕ್ಕೆ.
"ಸದರಿ ಪದದ ಬಳಕೆಯನ್ನು ಈ ಕ್ಷಣದಿಂದ..."
ನೋಲೀನ್ ಎರಡು ಸಲ ಮನಸ್ಸಿನಲ್ಲಿ ಓದಿದಳು,
ಮೂರನೇ ಸಲ ಜೋರಾಗಿ, ಹೊಲಿಗೆ ಯಂತ್ರಕ್ಕೂ ಕೇಳಲಿ ಎಂದು.
ಇಲ್ಲಿ ಅದು ಎಲ್ಲರ ಮಾತು, ಅಂದ ಊರಿನ ವಕೀಲ,
ರೊಟ್ಟಿ ಅಂದ ಹಾಗೆ, ಟೋಪಿ ಅಂದ ಹಾಗೆ.
ಅಲ್ಲಿ ಅವರದ್ದು.
ಅಂದರೆ ವಿಮಾನ ಹತ್ತಿದ ಬೂಟು
ಇಳಿಯುವಷ್ಟರಲ್ಲಿ ಕದ್ದ ಮಾಲು.

ರಾತ್ರಿ, ಹೊರದೇಶಕ್ಕೆ ಕಟ್ಟಿಟ್ಟ ಪೆಟ್ಟಿಗೆಗಳನ್ನು ಬಿಚ್ಚಿದಳು.
ಹಿಮ್ಮಡಿಯ ಮೇಲೊಂದು ಪಟ್ಟಿ, ಪಟ್ಟಿಗೆ ನಾಲ್ಕು ಮೂಲೆ,
ಬ್ಲೇಡಿನ ತುದಿಯಿಂದ ಎತ್ತಿ ಎತ್ತಿ,
ಮೂವತ್ತೆಂಟು ಜೊತೆ, ಎಪ್ಪತ್ತಾರು ಹಿಮ್ಮಡಿ.
ಬಿಸ್ಕತ್ತಿನ ಡಬ್ಬಿಯ ತುಂಬ ಒಂದೇ ಮಾತು ಎಪ್ಪತ್ತಾರು ಸಲ.
ಕಿತ್ತ ಕಡೆ ಸಣ್ಣ ತೂತುಗಳು ಉಳಿದವು.
ಉಜ್ಜಿ ನೋಡಿದಳು. ಹೋಗಲಿಲ್ಲ.
ಕಿವಿಯ ಕಚ್ಚು ಬಣ್ಣದಂತಲ್ಲ.

ಮರುವಾರ ಮರ್ವಿನ್ ಹಾಸ್ಕೆಲ್ ಬಂದ.
ಒಂದು ಕಾಲಕ್ಕೆ ಅಲೆ ಏರಿದವನು, ಈಗ ಎರಡು ಮಂಡಿಯೂ ಲೋಹದ್ದು.
ಕಂಕುಳಲ್ಲಿ ಹಳೆಯ ಜೊತೆ: ಪಟ್ಟಿಯಿಲ್ಲ, ಬಣ್ಣವಿಲ್ಲ,
ಒಳಗಿನ ತುಪ್ಪಟ ಚಾಪೆಯಾಗಿದೆ,
ಕೊಡವಿದರೆ ಈಗಲೂ ಮರಳು.
"ನಿಮ್ಮಪ್ಪನ ಕೈಯದು, ನೋಲಿ.
ಎಪ್ಪತ್ತೆರಡು. ವ್ಯಾನಿನ ಹಿಂಬಾಗಿಲಲ್ಲಿ ಕೊಂಡೆ."
ಅವಳು ಕನ್ನಡಕ ಏರಿಸಿ ಹೊಲಿಗೆ ನೋಡಿದಳು.
ಕ್ಲೆಮ್ ಎಡಚ. ಅವನ ಹೊಲಿಗೆ ಗಾಳಿಗೆ ಬಗ್ಗಿದ ಹುಲ್ಲು.
ಇದು ನೆಟ್ಟಗಿದೆ. ಯಾರದೋ ಕೈ.
ಹೇಳಲಿಲ್ಲ.
ನೂಲಿಗೆ ಮೇಣ ಎಳೆಯುತ್ತ "ಹ್ಞೂಂ" ಅಂದಳು,
"ಗುರುವಾರ ಬಾ. ಹನ್ನೆರಡು ಡಾಲರ್."
ಮತ್ತೆ ಅದಲುಬದಲಾಗದಿರಲೆಂದು
ನೀಲಿ ಬಳಪದಲ್ಲಿ ಅಟ್ಟೆಯಡಿ ಮರ್ವಿನ್ ಎಂದು ಬರೆದಳು,
ಅಂಗಳ ದಾಟುವಷ್ಟರಲ್ಲಿ ಅಳಿಸುವ ಹಾಗೆ.

ಗುರುವಾರ ಅವನು ಬರಲಿಲ್ಲ.
ಶುಕ್ರವಾರ ಬಂದು ಹತ್ತೇ ಕೊಟ್ಟ.